ಈ ಚೀಜ್ ಕಟ್ಟಿದವರು ಯಾರು?

ದಾಸರ ಪದ ಕೇಳುವಾಗ ನಮಗೊಂದು ಅನುಕೂಲ ಇದೆ. ಕೊನೆಯ ನುಡಿಯಲ್ಲಿ ‘ಪುರಂದರವಿಠಲ’ ಬಂದರೆ ಪುರಂದರದಾಸರು. ‘ಕಾಗಿನೆಲೆಯಾದಿಕೇಶವ’ ಬಂದರೆ ಕನಕದಾಸರು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ ಇದನ್ನು ಥಟ್ಟನೆ ಹೇಳುತ್ತಾರೆ. ಅದೇ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಯಾರಾದರೂ ಖ್ಯಾಲ್, ಅಂದರೆ ಹಿಂದುಸ್ತಾನಿ ಶಾಸ್ತ್ರೀಯ ಹಾಡು, ಹಾಕಿಕೊಂಡು ಕೂತರೆ ಕೇಳುವ ಪ್ರಶ್ನೆ ಎರಡೇ. ಹಾಡಿದವರು ಯಾರು? ರಾಗ ಯಾವುದು? ಪದ ಕಟ್ಟಿದವರು ಯಾರು ಅಂತ ಯಾರೂ ಕೇಳುವುದಿಲ್ಲ.

ನಾನೂ ಎಷ್ಟೋ ವರ್ಷ ಕೇಳಿರಲಿಲ್ಲ. ಕಲಬುರಗಿಯಲ್ಲಿ ಬೆಳೆದವರ ಕಿವಿಗೆ ಹಿಂದುಸ್ತಾನಿ ಸಂಗೀತ ತಾನಾಗೇ ಬೀಳುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು ನಮ್ಮ ಕಡೆಯ ಮಠಗಳಿಗೆ ಪುರಾಣಕ್ಕೆ ಬರುತ್ತಾರೆ. ರೇಡಿಯೋದಲ್ಲಿ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು, ಭೀಮಸೇನ ಜೋಶಿ ಹಾಡುತ್ತಿದ್ದರು. ಹಾಡುವವರೆಲ್ಲ ನಮ್ಮವರೇ. ಆ ಪದ ಯಾರದ್ದು ಎಂಬುದು ಮಾತ್ರ ಕತ್ತಲಲ್ಲೇ ಉಳಿದಿತ್ತು.

ಖ್ಯಾಲಿನಲ್ಲೂ ಅಂಕಿತ ಇದೆ. ಅಲ್ಲಿ ಅದಕ್ಕೆ ಮುದ್ರಾ ಅಥವಾ ಛಾಪ್ ಅನ್ನುತ್ತಾರೆ. ಹೆಚ್ಚಿನವರಿಗೆ ಗೊತ್ತಿರುವುದು ಎರಡು ಹೆಸರು: ಸದಾರಂಗ ಮತ್ತು ಅದಾರಂಗ. ಸದಾರಂಗ ಅಂದರೆ ನಿಯಾಮತ್ ಖಾನ್. 1719ರಿಂದ 1748ರವರೆಗೆ ದೆಹಲಿ ಆಳಿದ ಮುಹಮ್ಮದ್ ಶಾ ಅವರ ಆಸ್ಥಾನದವರು. ಅದಾರಂಗ ಅಂದರೆ ಫಿರೋಜ್ ಖಾನ್, ಅವರ ಹತ್ತಿರದ ಸಂಬಂಧಿ. ಇಬ್ಬರೂ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಆಚೆಗೆ ಇನ್ನೂರು ಮುನ್ನೂರು ವರ್ಷಗಳಲ್ಲಿ ಎಷ್ಟೋ ಜನ ಪದ ಕಟ್ಟಿದ್ದಾರೆ. ನಾವು ದಿನಾ ಕೇಳಿ ತಲೆದೂಗುವ ಚೀಜ್‌ಗಳು ಅವರವು. (ಖ್ಯಾಲಿನಲ್ಲಿ ಹಾಡುವ ಪದಕ್ಕೆ ಬಂದಿಷ್ ಅನ್ನುತ್ತಾರೆ. ಗವಾಯಿಗಳು ಅದಕ್ಕೆ ಚೀಜ್ ಅಂತಾರೆ. ನನಗೂ ಆ ಪದವೇ ಇಷ್ಟ.) ಅವರನ್ನು ಹುಡುಕಿ, ಗುರುತಿಟ್ಟು, ಪ್ರೀತಿಯಿಂದ ಕೇಳುವುದು ಹೇಗೆ ಅಂತ ನಾನು ಮಾಡಿಕೊಂಡು ಬಂದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಹಾಡಲು ಬರಬೇಕಿಲ್ಲ. ಒಂದು ಫೋನ್, ಒಂದು ನೋಟ್‌ಬುಕ್, ರಾತ್ರಿಯ ಅರ್ಧ ಗಂಟೆ ಸಾಕು.

ಹೆಜ್ಜೆ 1: ಕಿವಿಯನ್ನು ಮೊದಲು ಮನೆಯಲ್ಲೇ ಹದ ಮಾಡಿ

ಹಿಂದಿ, ಬ್ರಜ್ (ಮಥುರೆಯ ಕಡೆಯ ಹಿಂದಿ) ಪದಗಳಿಗೆ ಹೋಗುವ ಮೊದಲು ಒಂದು ವಾರ ಕನ್ನಡದಲ್ಲೇ ಇರಿ. ಅದೂ ಪುರಂದರದಾಸರು, ಕನಕದಾಸರು ಬೇಡ. ನಮ್ಮ ನೆಲದವರನ್ನೇ ಹಿಡಿಯಿರಿ. ಯಾದಗಿರಿ ಜಿಲ್ಲೆಯ ಸುರಪುರದ ಆನಂದದಾಸರ ಅಂಕಿತ ‘ಕಮಲೇಶವಿಠಲ’. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳಲ್ಲಿ ‘ಮಹಾಂತ’ ಅಂತ ಬರುತ್ತದೆ. ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರು ಜಲಾಲ ಸಾಹೇಬರಂಥವರೂ ಇದ್ದರು. ಭಜನೆಯವರು ಏಕತಾರಿ ಹಿಡಿದು ಹಾಡುವಾಗ ಕೊನೆಯ ನುಡಿಗೆ ಕಿವಿ ಕೊಡಿ. ಅಂಕಿತ ಬರುವ ಹೊತ್ತಿಗೆ ಹಾಡುವವರ ದನಿ ಸ್ವಲ್ಪ ತಗ್ಗುತ್ತದೆ. ಕೆಲವರು ಕೈ ಜೋಡಿಸುತ್ತಾರೆ.

ಹಾಡಿನ ಉಳಿದ ಮಾತಿನಿಂದ ಹೆಸರು ಬೇರೆಯಾಗಿ ಎದ್ದು ಬರುವ ಆ ಗಳಿಗೆಯನ್ನು ಹಿಡಿಯುವುದು ಕಿವಿಗೆ ಅಭ್ಯಾಸ ಆಗಬೇಕು. ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ.

ಹೆಜ್ಜೆ 2: ಮೂರು ನಿಮಿಷದ ಹಾಡಿನಿಂದ ಶುರು ಮಾಡಿ

ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಒಂದು ಗಂಟೆಯ ಬಡಾ ಖ್ಯಾಲ್ ಹಾಕಿಕೊಂಡು ಹೆಸರು ಹುಡುಕುತ್ತಾರೆ. ಚೀಜ್‌ಗೆ ಎರಡು ಭಾಗ ಇರುತ್ತವೆ, ಮೊದಲು ಸ್ಥಾಯಿ, ಆಮೇಲೆ ಅಂತರಾ. ಮುದ್ರೆ ಸಾಮಾನ್ಯವಾಗಿ ಅಂತರಾದಲ್ಲಿ ಬರುತ್ತದೆ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಅಂತರಾ ಬರಲು ಇಪ್ಪತ್ತು ನಿಮಿಷ ಹಿಡಿಯಬಹುದು. ಎಷ್ಟೋ ಗಾಯಕರು ಅಂತರಾ ಹಾಡುವುದೇ ಇಲ್ಲ. ಹಾಡಿದರೂ ಆಲಾಪದ ನಡುವೆ ಒಂದೊಂದು ಅಕ್ಷರ ಒಂದೊಂದು ಕಡೆ ಹರಿದು ಹೋಗಿರುತ್ತದೆ. ಹೊಸ ಕಿವಿಗೆ ಅದು ಸಿಗುವುದಿಲ್ಲ.

ಅದರ ಬದಲು ಹಳೆಯ ಗ್ರಾಮಾಫೋನ್ ತಟ್ಟೆಯ ರೆಕಾರ್ಡಿಂಗ್ ಹುಡುಕಿ. 78 ಸುತ್ತಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ಮೂರೂವರೆ ನಿಮಿಷವಷ್ಟೇ ಹಿಡಿಯುತ್ತಿತ್ತು. ಅಷ್ಟರಲ್ಲೇ ಸ್ಥಾಯಿ, ಅಂತರಾ, ತಾನ್ (ಸ್ವರಗಳ ವೇಗದ ಓಟ) ಎಲ್ಲ ಮುಗಿಸಬೇಕು. ಹಾಗಾಗಿ ಮಾತು ಬಿಗಿಯಾಗಿ, ಸ್ಪಷ್ಟವಾಗಿ ಬರುತ್ತದೆ. ಯೂಟ್ಯೂಬಿನಲ್ಲಿ ಇಂಥವು ರಾಶಿ ಇವೆ.

ನಾನು ಶುರು ಮಾಡಿದ್ದು ಉಸ್ತಾದ್ ಫೈಯಾಜ್ ಖಾನರ ಜೈಜೈವಂತಿ ರಾಗದ ಚೀಜ್‌ನಿಂದ. ನೀವೂ ಅಲ್ಲಿಂದಲೇ ಶುರು ಮಾಡಿ ಅಂತ ಹೇಳುತ್ತೇನೆ. ‘ಮೋರೆ ಮಂದರ ಅಬ ಲೋ ನಹೀ ಆಯೇ’ ಅಂತ ಎತ್ತಿಕೊಳ್ಳುತ್ತಾರೆ. ಆಗ್ರಾ ಘರಾಣೆಯ (ಘರಾಣೆ ಅಂದರೆ ಗುರುಶಿಷ್ಯ ಪರಂಪರೆ) ದೊಡ್ಡ ಗಾಯಕರು ಅವರು. 1886ರಲ್ಲಿ ಹುಟ್ಟಿ 1950ರಲ್ಲಿ ಬರೋಡಾದಲ್ಲಿ ತೀರಿಕೊಂಡರು. ಗಾಯಕರಾಗಿ ಅವರನ್ನು ತಿಳಿಯದ ರಸಿಕರಿಲ್ಲ. ಆದರೆ ಈ ಚೀಜ್ ಕಟ್ಟಿದವರೂ ಅವರೇ. ‘ಪ್ರೇಮಪಿಯಾ’ ಎಂಬ ಹೆಸರಿನಲ್ಲಿ ಅವರು ಪದ ಕಟ್ಟುತ್ತಿದ್ದರು. ಫೈಯಾಜ್ ಖಾನರನ್ನು ಮೆಚ್ಚುವ ಹತ್ತು ಜನರನ್ನು ಕೇಳಿ ನೋಡಿ, ಪ್ರೇಮಪಿಯಾ ಯಾರು ಅಂತ. ಎಷ್ಟು ಜನ ಹೇಳುತ್ತಾರೆ?

ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ತಬಲಾದ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆ ಅಂತ ನೋಡಿ, ಯಾವ ಅಕ್ಷರ ಅದರ ಮೇಲೆ ಕೂರುತ್ತದೆ ಅಂತ ಗಮನಿಸಿ. ಮೂರನೇ ಸಲ ಮಾತು. ದನಿ ಮೇಲಿನ ಷಡ್ಜದ ಕಡೆ ಏರಿದರೆ ಅಂತರಾ ಶುರುವಾಯಿತು ಅಂತ ತಿಳಿಯಿರಿ. ಅಲ್ಲಿಂದ ಕಿವಿ ಚುರುಕಾಗಿರಲಿ.

ಹೆಜ್ಜೆ 3: ನೋಟ್‌ಬುಕ್

ಫೋನಿನಲ್ಲಿ ಬರೆಯಬೇಡಿ, ಕೈಯಲ್ಲಿ ಬರೆಯಿರಿ. ಎಡಗಡೆಯ ಹಾಳೆಯಲ್ಲಿ ಕಿವಿಗೆ ಬಿದ್ದ ಹಾಗೆ ಮಾತನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ತಪ್ಪಿದ್ದರೂ ಪರವಾಗಿಲ್ಲ. ಬಲಗಡೆ ಅರ್ಥ. ಕೆಳಗೆ ರಾಗ, ತಾಳ, ಹಾಡಿದವರು, ಕಟ್ಟಿದವರು. ಕಟ್ಟಿದವರು ಗೊತ್ತಾಗದಿದ್ದರೆ ಆ ಜಾಗ ಖಾಲಿ ಬಿಡಿ. ‘ಪಾರಂಪರಿಕ’ ಅಂತ ಮಾತ್ರ ಬರೆಯಬೇಡಿ. ನನಗೆ ಇದರ ಬಗ್ಗೆ ನಿಜವಾಗಿಯೂ ಸಂಕಟ ಇದೆ. ನಮ್ಮೂರಲ್ಲಿ ಒಂದು ಕಾರ್ಯಕ್ರಮದಲ್ಲಿ ನಿರೂಪಕರು ಮೂರು ಚೀಜ್‌ಗಳನ್ನೂ ‘ಪಾರಂಪರಿಕ ರಚನೆ’ ಅಂತ ಹೇಳಿ ಮುಗಿಸಿದರು. ಅದರಲ್ಲಿ ಒಂದನ್ನು ಕಟ್ಟಿದವರು ನಮ್ಮ ಕಾಲದಲ್ಲೇ ಬದುಕಿದ್ದವರು. ಅವರ ಮುದ್ರೆ ಅಂತರಾದಲ್ಲಿ ಎರಡು ಸಲ ಕೇಳಿಬಂತು. ಹೆಸರು ಕಿವಿಗೆ ಬೀಳುತ್ತಿರುವಾಗಲೇ ಅವರನ್ನು ಹೆಸರಿಲ್ಲದವರು ಮಾಡಿದಂತಾಯಿತು. ಖಾಲಿ ಬಿಟ್ಟ ಜಾಗ ‘ಹುಡುಕು’ ಅಂತ ನೆನಪಿಸುತ್ತಲೇ ಇರುತ್ತದೆ. ಪಾರಂಪರಿಕ ಅಂತ ಬರೆದುಬಿಟ್ಟರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಅರ್ಥದ ವಿಷಯಕ್ಕೆ ಬಂದರೆ, ನಮ್ಮ ಭಾಗದವರಿಗೆ ಬೇರೆ ಕಡೆಯ ಕನ್ನಡಿಗರಿಗಿಲ್ಲದ ಅನುಕೂಲ ಇದೆ. ಕಲಬುರಗಿಯ ಬಜಾರಿನಲ್ಲಿ ದಿನಾ ದಖನಿ ಕೇಳುತ್ತೇವೆ. ಖ್ವಾಜಾ ಬಂದೇನವಾಜರ ಉರುಸಿನಲ್ಲಿ ಖವ್ವಾಲಿ ಕೇಳುತ್ತೇವೆ. ಪಿಯಾ, ಸೈಯಾ, ಜಿಯಾ ನಮಗೆ ಹೊಸ ಪದಗಳಲ್ಲ. ಬೀದರ್, ಬಸವಕಲ್ಯಾಣದ ಕಡೆಯವರಿಗೆ ಮರಾಠಿಯೂ ಬರುತ್ತದೆ. ಮರಾಠಿಯಲ್ಲಿ ಸಂಗೀತದ ಬಗ್ಗೆ ಇರುವಷ್ಟು ಬರಹ ಕನ್ನಡದಲ್ಲಿಲ್ಲ.

ಬ್ರಜ್ ಪದಗಳು ಮೊದಲು ಗೋಜಲು ಅನಿಸುತ್ತವೆ. ಆದರೆ ಬರುವ ಪದಗಳು ಮತ್ತೆ ಮತ್ತೆ ಅವೇ. ಆಲಿ, ಸಖಿ, ಏರೀ ಅಂದರೆ ಗೆಳತಿ. ರೈನ ಅಂದರೆ ರಾತ್ರಿ. ಡಗರ ಅಂದರೆ ದಾರಿ. ಸೌತನ ನಮ್ಮ ಸವತಿಯೇ. ನನದ ಅಂದರೆ ನಾದಿನಿ. ಲಂಗರ ಅಂದರೆ ತುಂಟ. ಐವತ್ತು ಪದ ಬರೆದುಕೊಂಡರೆ ಮುಕ್ಕಾಲು ಚೀಜ್‌ಗಳ ಬಾಗಿಲು ತೆರೆಯುತ್ತದೆ.

ಉಳಿದವಕ್ಕೆ ಜನರನ್ನು ಕೇಳಿ. ಜೈಜೈವಂತಿಯ ‘ಮಂದರ’ಕ್ಕೆ ನಾನು ‘ಗುಡಿ’ ಅಂತ ಬರೆದುಕೊಂಡಿದ್ದೆ. ನಮ್ಮ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಚಾಚಾ ಖವ್ವಾಲಿಯ ಹುಚ್ಚಿನವರು. ಅಂಗಿಗೆ ಗುಂಡಿ ಹಾಕಿಸಲು ಹೋದಾಗ ನೋಟ್‌ಬುಕ್ ತೋರಿಸಿದೆ. ಕನ್ನಡಕ ಹಣೆಗೇರಿಸಿ ನಾನು ಓದಿದ್ದನ್ನು ಕೇಳಿದರು.

“ಗುಡಿ ಅಲ್ರಿ ಸರ. ಮನಿ. ನನ್ನ ಮನಿಗಿ ಇನ್ನಾ ಬರಲಿಲ್ಲ ಅಂತ ಅಕಿ ಅಳ್ಳಾಕತ್ಯಾಳ.”

“ಇನ್ನೊಂದು ಪದ ಅದ ಚಾಚಾ. ಬೇರೆ ಚೀಜಿಂದು. ಬಿರಮಾಯೇ ಅಂದ್ರ ಏನ್ರಿ?”

ಅವರು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು. “ಸಂತೀಗಿ ಹೋದಾಂವ ಹೊತ್ತು ಮುಣುಗಿದ್ರೂ ಬರಲಿಲ್ಲಂದ್ರ ಏನಂತೀವ್ರಿ? ಯಾರೋ ಮಾತಿನಾಗ ಮರುಳು ಮಾಡಿ ಕುಂದರಿಸಿಕೊಂಡಾರ ಅಂತೀವಲ್ಲ? ಅದಾ ಅದು.”

ಯಾವ ನಿಘಂಟಿನಲ್ಲೂ ನನಗೆ ಹೀಗೆ ಅರ್ಥ ಸಿಕ್ಕಿರಲಿಲ್ಲ. ಮನೆಗೆ ಬಂದು ಜೈಜೈವಂತಿ ಮತ್ತೆ ಹಾಕಿದೆ. ಮೊದಲು ರಾಗ ಮಾತ್ರ ಕೇಳುತ್ತಿದ್ದವನಿಗೆ ಈಗ ಬಾಗಿಲ ಬಳಿ ಕಾದು ನಿಂತ ಹೆಂಗಸು ಕಂಡಳು. ಕೋಮಲ ಗಾಂಧಾರ ಬಂದಾಗ ಅವಳ ಮುಖ ಬಾಡಿದ ಹಾಗೆ ಅನಿಸಿತು.

ಹೆಜ್ಜೆ 4: ಹೆಸರುಗಳ ಮನೆತನ ಗುರುತಿಸಿ

ಇದು ನನಗೆ ತುಂಬಾ ಇಷ್ಟವಾದ ಭಾಗ. ಮುದ್ರೆಗಳು ಗುಂಪು ಗುಂಪಾಗಿ ಬರುತ್ತವೆ.

ಮೊದಲನೆಯದು ‘ಪಿಯಾ’ ಮನೆತನ. ಆಗ್ರಾ ಘರಾಣೆ ಮತ್ತು ಅದರ ನೆಂಟರಲ್ಲಿ ಇದು ಜಾಸ್ತಿ. ಅತ್ರೌಲಿಯ ಮೆಹಬೂಬ್ ಖಾನ್ ‘ದರಸಪಿಯಾ’. ಅವರ ಮಗಳನ್ನು ಮದುವೆಯಾದವರು ಫೈಯಾಜ್ ಖಾನ್. ಅಂದರೆ ಮಾವ ದರಸಪಿಯಾ, ಅಳಿಯ ಪ್ರೇಮಪಿಯಾ! ಮೆಹಬೂಬ್ ಖಾನರ ಮಗ ಅತಾ ಹುಸೇನ್ ಖಾನ್ ‘ರತನಪಿಯಾ’. ತಸದ್ದುಕ್ ಹುಸೇನ್ ಖಾನ್ ‘ವಿನೋದಪಿಯಾ’. ವಿಲಾಯತ್ ಹುಸೇನ್ ಖಾನ್ (1895–1962) ‘ಪ್ರಾಣಪಿಯಾ’. ಖಾದಿಮ್ ಹುಸೇನ್ ಖಾನ್ ‘ಸಜನಪಿಯಾ’. ಬೆಂಗಳೂರಿನ ಲಲಿತ್ ಜೆ. ರಾವ್ ಅವರು ಈ ಸಜನಪಿಯಾ ಅವರಲ್ಲೇ ಕಲಿತವರು. ಹಾಗಾಗಿ ಈ ಮನೆತನದ ಒಂದು ಕೊಂಡಿ ಕರ್ನಾಟಕದಲ್ಲೂ ಇದೆ.

ಪಿಯಾ ಅಂದ ಕೂಡಲೇ ಆಗ್ರಾ ಅಂತ ತಿಳಿಯಬಾರದು. ಅವಧದ ನವಾಬ ವಾಜಿದ್ ಅಲಿ ಶಾ ‘ಅಖ್ತರಪಿಯಾ’. 1856ರಲ್ಲಿ ಇಂಗ್ಲಿಷರು ರಾಜ್ಯ ಕಿತ್ತುಕೊಂಡ ಮೇಲೆ ಕೋಲ್ಕತ್ತಾದ ಮಟಿಯಾಬುರ್ಜಿನಲ್ಲಿ ಬದುಕಿದವರು. ಕದರಪಿಯಾ, ಸನದಪಿಯಾ, ಲಲನಪಿಯಾ ಇವರೆಲ್ಲ ಠುಮ್ರಿಯ (ಖ್ಯಾಲಿಗಿಂತ ಹಗುರಾದ, ಭಾವಕ್ಕೆ ಒತ್ತು ಕೊಡುವ ಹಾಡು) ಕಡೆಯವರು.

ಎರಡನೆಯದು ‘ರಂಗ’ ಮನೆತನ. ಸದಾರಂಗರ ನೆರಳಿನಲ್ಲಿ ಬೆಳೆದ ಹೆಸರುಗಳು. ಅಲಹಾಬಾದಿನ ರಾಮಾಶ್ರಯ ಝಾ ‘ರಾಮರಂಗ’. ದಿನಕರ ಕಾಯ್ಕಿಣಿ ‘ದಿನರಂಗ’. ಓಂಕಾರನಾಥ ಠಾಕೂರ್ ‘ಪ್ರಣವರಂಗ’, ಅವರ ಶಿಷ್ಯ ಬಲವಂತರಾಯ ಭಟ್ಟ ‘ಭಾವರಂಗ’. ಬಡೇ ಗುಲಾಮ್ ಅಲಿ ಖಾನರು ‘ಸಬರಂಗ’. ಅವರು 1968ರಲ್ಲಿ ತೀರಿಕೊಂಡಿದ್ದು ಹೈದರಾಬಾದಿನ ಬಶೀರಬಾಗ್ ಅರಮನೆಯಲ್ಲಿ. ನಮ್ಮೂರಿನಿಂದ ರೈಲು ಹತ್ತಿದರೆ ಕೆಲವೇ ತಾಸಿನ ದಾರಿ.

ಮೂರನೆಯ ಗುಂಪಿಗೆ ಮನೆತನ ಇಲ್ಲ, ಒಬ್ಬೊಬ್ಬರದ್ದೂ ಒಂದೊಂದು ಹೆಸರು. ಜಗನ್ನಾಥಬುವಾ ಪುರೋಹಿತ್ ‘ಗುಣಿದಾಸ’. ಅವರ ಶಿಷ್ಯ ಸಿ.ಆರ್. ವ್ಯಾಸ್ ‘ಗುಣಿಜನ’. ಶ್ರೀಕೃಷ್ಣ ನಾರಾಯಣ ರಾತಂಜನಕರ್ ‘ಸುಜನ’. ಭಿಂಡಿಬಜಾರ್ ಘರಾಣೆಯ ಅಮಾನ್ ಅಲಿ ಖಾನ್ ‘ಅಮರ’. ಭಾತಖಂಡೆಯವರು ‘ಚತುರ’.

ಈ ಹೆಸರುಗಳನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಡಿ. ಬಾಯಿಪಾಠ ಮಾಡುವುದು ಬೇಡ. ಕೇಳುತ್ತಾ ಕೇಳುತ್ತಾ ತಾವೇ ಬಂದು ಕೂರುತ್ತವೆ.

ಹೆಜ್ಜೆ 5: ಎಲ್ಲಿ ತಪ್ಪುತ್ತೇವೆ ಅಂತ ತಿಳಿದಿರಿ

ಸದಾರಂಗರ ಎಷ್ಟೋ ಚೀಜ್‌ಗಳಲ್ಲಿ ಮುಹಮ್ಮದ್ ಶಾ ಹೆಸರೂ ಬರುತ್ತದೆ. ಅದು ಕಟ್ಟಿದವರ ಹೆಸರಲ್ಲ, ದೊರೆಯ ಹೆಸರು. ನಮ್ಮಲ್ಲಿ ತತ್ವಪದಕಾರರು ಗುರುವಿನ ಹೆಸರನ್ನು ಅಂಕಿತದಲ್ಲಿ ಹೇಳುತ್ತಾರಲ್ಲ, ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಗುರುವಿನ ಹೆಸರೇ ಅಂಕಿತ, ಇಲ್ಲಿ ದೊರೆಯ ಹೆಸರು ಅಂಕಿತವಲ್ಲ.

ಇನ್ನೊಂದು ಕಷ್ಟ, ಮುದ್ರೆಗಳಿಗೆ ತಮ್ಮದೇ ಅರ್ಥವೂ ಇರುತ್ತದೆ. ಗುಣಿಜನ ಅಂದರೆ ಬಲ್ಲವರು. ಸುಜನ ಅಂದರೆ ಒಳ್ಳೆಯವರು. ಚತುರ ಅಂದರೆ ಜಾಣ. ವ್ಯಾಸರು 1924ರಲ್ಲಿ ಹುಟ್ಟಿದವರು, ಆದರೆ ಅವರಿಗಿಂತ ನೂರಾರು ವರ್ಷ ಹಳೆಯ ಪದಗಳಲ್ಲೂ ‘ಗುಣಿಜನ’ ಬರುತ್ತದೆ. ಹಾಗೆ ಬಂದದ್ದನ್ನೆಲ್ಲ ನಾನು ವ್ಯಾಸರ ಲೆಕ್ಕಕ್ಕೆ ಬರೆದಿದ್ದೆ. ಆಮೇಲೆ ಹನ್ನೊಂದು ಹಾಳೆ ತಿದ್ದಬೇಕಾಯಿತು. ಹೆಸರು ಸಿಕ್ಕ ಕೂಡಲೇ ಪೆನ್ನಿನಲ್ಲಿ ಬರೆಯಬೇಡಿ. ಪೆನ್ಸಿಲ್‌ನಲ್ಲಿ ಬರೆದು, ಇನ್ನೊಂದು ಕಡೆ ಖಾತ್ರಿ ಆದ ಮೇಲೆ ಪೆನ್ನು ಹಿಡಿಯಿರಿ.

ಆದರೆ ಇದೇ ಎರಡು ಅರ್ಥದಲ್ಲಿ ಚೆಲುವೂ ಇದೆ. ‘ಪ್ರೇಮಪಿಯಾ’ ಅಂದಾಗ ಹೆಸರೂ ಆಯಿತು, ಅವಳು ಯಾರಿಗಾಗಿ ಕಾಯುತ್ತಿದ್ದಾಳೋ ಆ ನಲ್ಲನೂ ಆದ. ಕಟ್ಟಿದವನು ತನ್ನ ಹೆಸರನ್ನು ಪದದ ಕೊನೆಗೆ ಅಂಟಿಸಿಲ್ಲ. ಕಥೆಯ ಒಳಗೇ ನೇಯ್ದಿದ್ದಾನೆ. ಹೆಸರು ಕಿತ್ತರೆ ಸಾಲೇ ಹರಿಯುತ್ತದೆ. ಒಳ್ಳೆಯ ಮುದ್ರೆಗೆ ನನ್ನ ಅಳತೆಗೋಲು ಇದೇ.

ಇನ್ನು, ಸದಾರಂಗ ಅಂತ ಇದ್ದದ್ದೆಲ್ಲ ಸದಾರಂಗರದ್ದಲ್ಲ. ಆಮೇಲೆ ಬಂದವರು ಗೌರವಕ್ಕೋ, ತಮ್ಮ ಪದಕ್ಕೆ ತೂಕ ಬರಲೆಂದೋ ಅವರ ಹೆಸರು ಹಾಕಿದ್ದಾರೆ. ಯೂಟ್ಯೂಬಿನ ತಲೆಬರಹಗಳನ್ನಂತೂ ಕಣ್ಣು ಮುಚ್ಚಿ ನಂಬಬೇಡಿ.

ಹೆಜ್ಜೆ 6: ಒಬ್ಬರ ಜೊತೆ ಒಂದು ತಿಂಗಳು

ಇಪ್ಪತ್ತು ಹೆಸರು ಗೊತ್ತಾದ ಖುಷಿಯಲ್ಲಿ ಇಪ್ಪತ್ತರ ಹಿಂದೆಯೂ ಓಡಬೇಡಿ. ಒಬ್ಬರನ್ನು ಹಿಡಿದು ಕೂರಿ. ಪ್ರೀತಿ ಹುಟ್ಟುವುದು ಹಾಗೆ.

ಮೊದಲ ತಿಂಗಳಿಗೆ ನಾನು ಹೇಳುವುದು ಗುಣಿದಾಸರನ್ನು. ಜಗನ್ನಾಥಬುವಾ ಪುರೋಹಿತ್, 1904ರಿಂದ 1968. ವಿಲಾಯತ್ ಹುಸೇನ್ ಖಾನರಲ್ಲಿ, ಅಂದರೆ ಪ್ರಾಣಪಿಯಾ ಅವರಲ್ಲಿ ಕಲಿತವರು. ತಬಲಾ ಕಲಿತದ್ದು ಅಹ್ಮದ್‌ಜಾನ್ ಥಿರಕ್ವಾ ಅವರಲ್ಲಿ. ಲಯದ ಮೇಲೆ ಅವರಿಗಿದ್ದ ಹಿಡಿತ ಅವರ ಚೀಜ್‌ಗಳಲ್ಲಿ ಕಾಣುತ್ತದೆ. ಮಾತು ಸಮ್‌ಗೆ ಬಂದು ಕೂರುವ ರೀತಿಯೇ ಬೇರೆ. ಜೋಗಕಂಸ ಅನ್ನುವ ರಾಗವನ್ನು ರೂಪಿಸಿದವರು ಅವರು. ಜೋಗ್ ಮತ್ತು ಚಂದ್ರಕಂಸ ಎರಡೂ ಸೇರಿದ ರಾಗ. ಇವತ್ತು ಎಲ್ಲ ಘರಾಣೆಯವರೂ ಹಾಡುತ್ತಾರೆ. ಅದರಲ್ಲಿ ಅವರು ಕಟ್ಟಿದ ‘ಸುಘರ ಬರ ಪಾಯೋ’ ವಿಲಂಬಿತಕ್ಕೆ, ‘ಪೀರ ಪರಾಯಿ’ ದ್ರುತಕ್ಕೆ, ಅಂದರೆ ವೇಗದ ಲಯಕ್ಕೆ. ಎರಡನೆಯದರ ಅರ್ಥ ಸರಳ. ಬೇರೆಯವರ ನೋವು ನಲ್ಲನಿಗೆ ಗೊತ್ತಾಗುವುದಿಲ್ಲ ಎಂಬ ದೂರು. ಮೊದಲು ಅವರ ಶಿಷ್ಯ ಜಿತೇಂದ್ರ ಅಭಿಷೇಕಿಯವರು ಹಾಡಿದ್ದನ್ನು ಕೇಳಿ. ಆಮೇಲೆ ಬೇರೆಯವರು ಹಾಡಿದ್ದನ್ನು. ಎಲ್ಲರೂ ಬಿಡದೆ ಉಳಿಸಿಕೊಂಡದ್ದು ಏನು, ಬದಲಿಸಿದ್ದು ಏನು ಅಂತ ಗಮನಿಸಿ. ಉಳಿದದ್ದು ಗುಣಿದಾಸರದ್ದು. ಬದಲಾದದ್ದು ಗಾಯಕರದ್ದು. ಕಟ್ಟಿದವರ ಕೈಗುರುತು ಹೀಗೆ ಸಿಗುತ್ತದೆ. ಮುದ್ರೆ ಯಾವುದರಲ್ಲಿ ಕೇಳುತ್ತದೆ ಎಂಬುದನ್ನು ನೀವೇ ಹುಡುಕಿ.

ಎರಡನೇ ತಿಂಗಳಿಗೆ ಅಮಾನ್ ಅಲಿ ಖಾನ್. ಮುಂಬೈಯವರು, 1953ರಲ್ಲಿ ತೀರಿಕೊಂಡರು. ಲತಾ ಮಂಗೇಶ್ಕರ್ ಚಿಕ್ಕವರಿದ್ದಾಗ ಇವರಲ್ಲಿ ಪಾಠ ಹೇಳಿಸಿಕೊಂಡಿದ್ದರು. ಕರ್ನಾಟಕ ಸಂಗೀತದ ಸರಗಮ್ ಕಟ್ಟುವ ಬಗೆ ಇವರಿಗೆ ಬಹಳ ಹಿಡಿಸಿತ್ತು. ಇವರ ಹಂಸಧ್ವನಿಯ ‘ಲಾಗಿ ಲಗನ್’ ನೀವು ಖಂಡಿತ ಕೇಳಿರುತ್ತೀರಿ. ಖ್ಯಾಲ್ ಗಾಯಕ ಉಸ್ತಾದ್ ಅಮೀರ್ ಖಾನರು ಹಾಡಿದ ‘ಜಯ ಮಾತೇ ವಿಲಂಬ ತಜ ದೇ’ ಕೂಡ ಇವರದೇ. ಒಂದು ಕೆಲಸ ಮಾಡಿ. ಮೊದಲು ಕರ್ನಾಟಕ ಸಂಗೀತದ ‘ವಾತಾಪಿ ಗಣಪತಿಂ’ ಕೇಳಿ, ಕೂಡಲೇ ‘ಲಾಗಿ ಲಗನ್’ ಹಾಕಿ. ಒಂದೇ ರಾಗ ಎರಡು ಊರಿನ ಬಟ್ಟೆ ತೊಟ್ಟು ಬಂದ ಹಾಗಿರುತ್ತದೆ. ದಕ್ಷಿಣದ ರಾಗವೊಂದು ಉತ್ತರದವರ ಬಾಯಲ್ಲಿ ಸಲೀಸಾಗಿ ಕೂರಲು ಇಂಥ ಚೀಜ್ ಕಟ್ಟಿದವರ ಪಾಲು ದೊಡ್ಡದು. ಅಮೀರ್ ಖಾನರ ಹೆಸರು ಎಲ್ಲರಿಗೂ ಗೊತ್ತು, ಅಮಾನ್ ಅಲಿಯವರದ್ದು ಗೊತ್ತಿಲ್ಲ.

ಮೂರನೆಯದಾಗಿ ರಾಮರಂಗ. 1928ರಲ್ಲಿ ಹುಟ್ಟಿ 2009ರ ಮೊದಲ ದಿನ ತೀರಿಕೊಂಡರು. ಭೋಲಾನಾಥ ಭಟ್ಟರ ಶಿಷ್ಯರು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸುತ್ತಿದ್ದವರು. ಐದು ಭಾಗಗಳ ‘ಅಭಿನವ ಗೀತಾಂಜಲಿ’ ಬರೆದಿದ್ದಾರೆ. ಗೊತ್ತಿರುವ ರಾಗಕ್ಕೂ ಹೊಸ ಬಾಗಿಲು ತೆಗೆಯುವ ಚೀಜ್‌ಗಳು ಅದರಲ್ಲಿವೆ.

ರಾತಂಜನಕರರನ್ನು ಕೇಳುವವರು ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಕೆ.ಜಿ. ಗಿಂಡೆ ಅವರ ಮೂಲಕ ಹೋಗಿ. ಗಿಂಡೆಯವರು ಗುರುವಿನ ಪದಗಳನ್ನು ಒಂದಕ್ಷರ ಸವೆಯದ ಹಾಗೆ ಕಾಪಾಡಿಕೊಂಡವರು.

ಹೆಜ್ಜೆ 7: ಅಂತರಾದಲ್ಲಿ ಸಿಗದ ಹೆಸರುಗಳು

ಮುದ್ರೆ ಇಲ್ಲದ ಒಳ್ಳೆಯ ಚೀಜ್‌ಗಳೂ ಬೇಕಾದಷ್ಟಿವೆ. ಹೆಣ್ಣುಮಕ್ಕಳು ಕಟ್ಟಿದ್ದನ್ನು ಹುಡುಕುವಾಗ ಇದು ಮುಖ್ಯ. ಮಾರುಬಿಹಾಗ ರಾಗದ ‘ಜಾಗೂ ಮೈ ಸಾರೀ ರೈನಾ’ ಪ್ರಭಾ ಅತ್ರೆಯವರು ಹಾಡಿದ್ದು ಮಾತ್ರವಲ್ಲ, ಕಟ್ಟಿದ್ದೂ ಅವರೇ. ತಮ್ಮ ಬಂದಿಷ್‌ಗಳನ್ನು ‘ಸ್ವರಾಂಗಿಣಿ’, ‘ಸ್ವರಂಜನಿ’ ಪುಸ್ತಕಗಳಲ್ಲಿ ಕೊಟ್ಟಿದ್ದಾರೆ. ಭೂಪ ರಾಗದ ‘ಸಹೇಲಾ ರೇ’ ಕಿಶೋರಿ ಅಮೋಣಕರ್ ಅವರದ್ದು. ಅಶ್ವಿನಿ ಭಿಡೆ ದೇಶಪಾಂಡೆಯವರ ‘ರಾಗರಚನಾಂಜಲಿ’ 2004ರಲ್ಲಿ ಬಂತು. ಗಾಯಕಿ ಅಂತ ಹೊಗಳಿ, ವಾಗ್ಗೇಯಕಾರ್ತಿ (ಮಾತು, ಧಾಟಿ ಎರಡನ್ನೂ ಕಟ್ಟಿದವಳು) ಅನ್ನುವುದನ್ನು ಮರೆಯುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿದೆ. ನೋಟ್‌ಬುಕ್ಕಿನಲ್ಲಿ ಇವರಿಗೆ ಒಂದು ಬೇರೆ ಹಾಳೆ ಇಡಿ.

ಹೆಜ್ಜೆ 8: ಒಂದು ಪುಸ್ತಕ

ಭಾತಖಂಡೆಯವರ ಆರು ಭಾಗಗಳ ‘ಕ್ರಮಿಕ ಪುಸ್ತಕ ಮಾಲಿಕೆ’ಯಲ್ಲಿ ಯಾವುದಾದರೂ ಒಂದು ಭಾಗ ಸಿಕ್ಕರೂ ಸಾಕು. ಸಂಗೀತ ಕಲಿಸುವವರ ಮನೆಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಹಾಳೆ ಹಳದಿಯಾಗಿರುತ್ತದೆ, ಕೇಳಿದರೆ ಕೊಡುತ್ತಾರೆ. ಅಲ್ಲಿನ ಸ್ವರಲಿಪಿ ಓದುವುದು ಕಷ್ಟವಲ್ಲ. ಸ್ವರದ ಕೆಳಗೆ ಗೆರೆ ಇದ್ದರೆ ಕೋಮಲ. ಮಧ್ಯಮದ ತಲೆಯ ಮೇಲೆ ನೆಟ್ಟಗಿನ ಗೆರೆ ಇದ್ದರೆ ತೀವ್ರ. ಕೆಳಗೆ ಚುಕ್ಕೆ ಇದ್ದರೆ ಮಂದ್ರ (ತಗ್ಗಿನ ದನಿ), ಮೇಲೆ ಚುಕ್ಕೆ ಇದ್ದರೆ ತಾರ (ಏರಿನ ದನಿ). ಗುಣಾಕಾರದ ಗುರುತು ಸಮ್, ಸೊನ್ನೆ ಅಂದರೆ ತಾಳದ ‘ಖಾಲಿ’ (ಪೆಟ್ಟಿಲ್ಲದ ಜಾಗ). ನಿಮ್ಮ ಎಡಗಡೆಯ ಹಾಳೆಯ ಮಾತನ್ನು ಇದರ ಜೊತೆ ಇಟ್ಟು ತಿದ್ದಿಕೊಳ್ಳಿ.

ಹೆಜ್ಜೆ 9: ಹಾಡಿದವರನ್ನೇ ಕೇಳಿ

ಕಾರ್ಯಕ್ರಮ ಮುಗಿದ ಕೂಡಲೇ ವೇದಿಕೆಗೆ ನುಗ್ಗಬೇಡಿ. ತಂಬೂರಿ ಗವಸಿಗೆ ಹಾಕಿ, ಚಹಾ ಕುಡಿಯುವ ತನಕ ಕಾಯಿರಿ. ಆಮೇಲೆ ಹತ್ತಿರ ಹೋಗಿ ನಮಸ್ಕಾರ ಮಾಡಿ, “ಗುರುಗಳ, ದ್ರುತದ ಚೀಜ್ ಯಾರದ್ದರಿ?” ಅಂತ ಒಂದೇ ಪ್ರಶ್ನೆ ಕೇಳಿ. ನನ್ನ ಅನುಭವದಲ್ಲಿ ಈ ಪ್ರಶ್ನೆಗೆ ಬೇಸರ ಪಟ್ಟುಕೊಂಡವರು ಒಬ್ಬರೂ ಇಲ್ಲ. ಹಿರಿಯ ಗವಾಯಿಗಳೊಬ್ಬರು ಕಪ್ಪು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. “ಇದನ್ನ ಕೇಳ್ದಾವ್ರು ನೀವೊಬ್ರಾ ನೋಡ್ರಿ,” ಅಂದರು. ತಮ್ಮ ಗುರುಗಳಿಂದ ಅದು ತಮಗೆ ಹೇಗೆ ಬಂತು, ಅವರ ಗುರುಗಳಿಗೆ ಯಾರಿಂದ ಬಂತು ಅಂತ ಕೂತು ಹೇಳಿದರು. ಹೆಸರಿನ ಜೊತೆ ಒಂದು ಇಡೀ ದಾರಿ ಸಿಕ್ಕಿತು. ಆವತ್ತು ನೋಟ್‌ಬುಕ್ಕಿನ ಒಂದು ಖಾಲಿ ಜಾಗ ತುಂಬಿತು, ಪೆನ್ನಿನಲ್ಲೇ.

ಹೆಜ್ಜೆ 10: ಜೊತೆಗೂಡಿ ಕೇಳಿ

ಮೂರು ನಾಲ್ಕು ಜನ ಸಾಕು. ತಿಂಗಳಿಗೆ ಒಂದು ರಾತ್ರಿ, ಒಂದೇ ಚೀಜ್. ಮೊದಲು ಒಬ್ಬರು ಮಾತಿನ ಅರ್ಥ ಹೇಳಲಿ. ಹೆಸರು ಮಾತ್ರ ಹೇಳಬೇಡಿ. ಆಮೇಲೆ ದೀಪ ಆರಿಸಿ ಹಾಕಿ. ಮುದ್ರೆ ಕೇಳಿಸಿದವರು ಬೆರಳು ಎತ್ತಬೇಕು, ಅಷ್ಟೇ ನಿಯಮ. ಹಾಡು ಮುಗಿಯುವವರೆಗೆ ಮಾತಿಲ್ಲ.

ನಮ್ಮ ಕಡೆ ಮೇ ತಿಂಗಳಲ್ಲಿ ರಾತ್ರಿ ಹತ್ತಾದರೂ ಗೋಡೆ ಬಿಸಿ ಇರುತ್ತದೆ. ಹೋದ ಬೇಸಿಗೆಯಲ್ಲಿ ನಾವು ಮಾಳಿಗೆಯ ಮೇಲೆ ನೀರು ಚಿಮುಕಿಸಿ ಚಾಪೆ ಹಾಸಿಕೊಂಡು ಕೂತಿದ್ದೆವು. ಹೊಲಿಗೆ ಅಂಗಡಿಯ ಚಾಚಾ, ಇಬ್ಬರು ಮಾಸ್ತರರು, ನಾನು. ಅಷ್ಟರಲ್ಲಿ ಕರೆಂಟು ಹೋಗಿ ಇಡೀ ಓಣಿ ಕತ್ತಲಾಯಿತು. ದೀಪ ಆರಿಸುವ ಕೆಲಸ ಉಳಿಯಿತು. ಫೋನನ್ನು ಒಂದು ಖಾಲಿ ಕೊಡದ ಬಾಯಿಗೆ ಇಟ್ಟೆವು, ದನಿ ದೊಡ್ಡದಾಗಲಿ ಅಂತ. ಸ್ಥಾಯಿ ಮುಗಿಯಿತು. ದನಿ ಮೇಲಕ್ಕೆ ಏರಿತು. ಮಾಸ್ತರರು ಮುಂದಕ್ಕೆ ಬಾಗಿದರು. ಕತ್ತಲಲ್ಲಿ ಬೆರಳು ಕಾಣುವುದಿಲ್ಲ ಅಂತ ಗೊತ್ತಿದ್ದೂ ಚಾಚಾ ಬೆರಳು ಎತ್ತಿದ್ದರು. ಪಕ್ಕದಲ್ಲಿದ್ದ ನನ್ನ ತೋಳಿಗೆ ಅದು ತಾಗಿತು.